ಸರ್ವರ್ ತುಂಬಿಸಿದ ಹೂಮಳೆ

ಜಾಗವಿಲ್ಲ ಎಂದು ಕಂಪ್ಯೂಟರ್ ಮತ್ತೆ ಹೇಳಿದಾಗ ಕಾಶೀನಾಥನ ಬೆನ್ನ ಹಿಂದೆ ಸಾಹುಕಾರ್ ಬಸವರಾಜಪ್ಪನವರೇ ನಿಂತಿದ್ದರು.

"ಪಾರ್ಚ್‌ಮೆಂಟ್ ಕಾಫಿ ಮಾರಾಟದ ಕಾಗದ ಇವತ್ತೇ ಕಂಪ್ಯೂಟರ್ ಸೈಟಿಗೆ ಏರ್ಬೇಕು. ಸಂಜೆಯೊಳಗೆ ಜಾಗ ಮಾಡು. ಆಗ್ಲಿಲ್ಲ ಅಂದ್ರೆ ನಾಳೆಯಿಂದ ಸೈಟೂ ಬೇಡ, ನೀನೂ ಬೇಡ."

ಚಿಕ್ಕಮಗಳೂರಿನ ಆ ಆಫೀಸಿಗೆ, ಕಡತಗಳನ್ನೆಲ್ಲ ಒಂದೇ ಸರ್ವರಿನಲ್ಲಿ ಇಡುವ ಈ ಸೈಟು ಬಂದದ್ದು ಎರಡು ಸಾವಿರದ ಎಂಟರ ಮಾರ್ಚಿನಲ್ಲಿ. ಸಾಹುಕಾರರ ಮಲ್ಲಂದೂರು, ಸಂಸೆ ಎರಡೂ ಕಾಫಿ ಎಸ್ಟೇಟಿನ ಮ್ಯಾನೇಜರುಗಳು ಒಂದೇ ಕಡತವನ್ನು ಕೂತಲ್ಲೇ ತೆರೆದು ತಿದ್ದಬಹುದಿತ್ತು. ಇದು ಬೇಕೇ ಬೇಕು ಎಂದು ಸಾಹುಕಾರರ ಬೆನ್ನು ಬಿದ್ದವನು ಕಾಶೀನಾಥನೇ. ಮದುವೆಯಾಗಿ ಇನ್ನೂ ಆರು ತಿಂಗಳಾಗಿರಲಿಲ್ಲ. ಕೆಲಸ ಹೋಯಿತೆಂದು ಮಾವನಿಗೆ ಯಾವ ಮುಖದಲ್ಲಿ ಹೇಳುವುದು?

ಹುಡುಕಿದ. ಕಳ್ಳ ಸಿಕ್ಕಿಬಿದ್ದ. 'ಮಳೆ ಲೆಕ್ಕ' ಎಂಬ ಒಂದೇ ಒಂದು ಕಡತ. ಯಾರಾದರೂ ಒಂದು ಅಂಕಿ ತಿದ್ದಿದರೆ ಸಾಕು, ಸೈಟು ಹಳೆಯದನ್ನು ಹಾಗೇ ಇಟ್ಟುಕೊಂಡು ಇಡೀ ಕಡತದ ಹೊಸ ಪ್ರತಿ ಮಾಡುತ್ತಿತ್ತು. ಮಳೆಮಾಪಕದ ದೊಡ್ಡ ದೊಡ್ಡ ಫೋಟೊಗಳೂ ಅದರ ಜೊತೆಗೆ. ಹಾಗೆ ನಾಲ್ಕು ನೂರಕ್ಕೂ ಹೆಚ್ಚು ಪ್ರತಿಗಳು ಒಂದರ ಮೇಲೊಂದು ಕೂತಿದ್ದವು.

ಕಾಫಿ ಮೊಗ್ಗು ತನ್ನನ್ನು ಅರಳಿಸುವ ಹೂಮಳೆಗೆ ಕಾಯುವ ಕಾಲವದು. ಆ ಮಳೆ ಬಾರದಿದ್ದರೆ ಪಂಪಿನಿಂದ ನೀರು ಹಾಯಿಸಬೇಕು, ಅದೂ ಇಲ್ಲದಿದ್ದರೆ ಆ ವರ್ಷ ಬೆಳೆಯಿಲ್ಲ. ಆ ದಿನಗಳಲ್ಲಿ ಈ ಸೀಮೆಯವರು ಊಟ ಆಯಿತೇ ಎಂದು ಕೇಳುವುದಿಲ್ಲ, ನಿಮ್ಮಲ್ಲಿ ಎಷ್ಟು ಬಂತು ಎಂದೇ ಕೇಳುವುದು. ಪಕ್ಕದವನಿಗೆ ಇಂಚು ಬಂದು ತನಗೆ ಅರ್ಧ ಇಂಚು ಬಂದರೆ ಹೆಣ್ಣು ಕೊಟ್ಟವರೆದುರು ತಲೆ ಎತ್ತುವುದು ಕಷ್ಟ.

ಕಾಶೀನಾಥ ಮೊದಲು ಸಂಸೆಯ ಮ್ಯಾನೇಜರಿಗೆ ಫೋನ್ ಮಾಡಿದ. "ಮಂಜಯ್ಯನವ್ರೇ, ದಿನಕ್ಕೆ ಎಷ್ಟು ಸಲ ತಿದ್ತೀರಿ ಅದನ್ನ?"

"ಮಲ್ಲಂದೂರಿನ ಬೆಳ್ಳಿಯಪ್ಪ ತಿದ್ದಿದಷ್ಟು ಸಲ." ಮಂಜಯ್ಯ ಕೆಮ್ಮಿದರು. "ತಡಿ, ಜೀಪು ಹೋಯ್ತು, ಧೂಳು ಮಾರಾಯ. ಅವ್ರಲ್ಲಿ ಬಂದ್ಮೇಲೆ ನಮ್ಮಲ್ಲಿ ಬರದೆ ಇರ್ತದಾ?"

ಮಲ್ಲಂದೂರಿನ ಬೆಳ್ಳಿಯಪ್ಪನವರಂತೂ ಫೋನಿನಲ್ಲೇ ಎದ್ದು ನಿಂತರು. "ಸಂಸೆಯವ್ರು ನಾಲ್ಕು ಇಂಚು ಅಂದ್ರೆ ನಾನು ಸುಮ್ನೆ ಕೂರ್ಬೇಕಾ? ಫೋಟೊ ನೋಡು, ಮಾಪಕ ತುಂಬಿ ತುಳುಕ್ತಾ ಉಂಟು." ಹಿಂದಿನಿಂದ ಯಾರೋ "ನಲ್ಲಿ ನಿಲ್ಲಿಸ್ಲಾ?" ಎಂದು ಕೇಳಿದರು.

"ಹೂ ಅರಳ್ತಾ?" ಕಾಶೀನಾಥ ಕೇಳಿದ.

"ಮಂಜಯ್ಯನ ತೋಟದಲ್ಲಿ ಅರಳಿದ್ರೆ ನಮ್ಮಲ್ಲೂ ಅರಳ್ತದೆ."

ಕಾಶೀನಾಥ ಇಬ್ಬರ ಜಗಳವನ್ನೂ ಸಾಹುಕಾರರಿಗೆ ಒಪ್ಪಿಸಿದ. ಮಲ್ಲಂದೂರಿನ ಐದು ಇಂಚಿನ ಲೆಕ್ಕ ನಂಬಿ ಅವರು ಹಿಂದಿನ ವಾರವಷ್ಟೇ ನೀರು ಹಾಯಿಸುವ ಪಂಪುಗಳನ್ನೆಲ್ಲ ಮೂಡಿಗೆರೆಯ ಬೀಗರ ತೋಟಕ್ಕೆ ಕಳಿಸಿಬಿಟ್ಟಿದ್ದರು. ಆದರೂ ನಕ್ಕರು.

"ಮೊದಲು ಬರ್ದವ ನಿಜ ಬರ್ದಿರ್ತಾನೆ. ಆಮೇಲಿನದ್ದೆಲ್ಲ ಹೊಟ್ಟೆಕಿಚ್ಚು. ಮೊದಲಿನದೊಂದು ಇಟ್ಟು ಮಿಕ್ಕಿದ್ದೆಲ್ಲ ಅಳಿಸು. ಒಂದಿಂಚು ಬಂದಿದ್ರೂ ಈ ವರ್ಷದ ಬೆಳೆ ಕೈಗೆ ಬಂದ ಹಾಗೆ."

ಕಾಶೀನಾಥ ಮೇಲಿನಿಂದ ಅಳಿಸುತ್ತ ಬಂದ. ಮಲ್ಲಂದೂರಿನ ಮಳೆ ಐದರಿಂದ ನಾಲ್ಕಕ್ಕಿಳಿಯಿತು, ಸಂಸೆಯದು ನಾಲ್ಕರಿಂದ ಮೂರಕ್ಕೆ. ಬಿದ್ದ ಮಳೆ ಹೀಗೆ ಇಂಚಿಂಚಾಗಿ ವಾಪಸ್ ಹೋದದ್ದನ್ನು ಮಲೆನಾಡಿನಲ್ಲಿ ಹಿಂದೆ ಯಾರೂ ಕಂಡಿರಲಿಕ್ಕಿಲ್ಲ. ಜಾಗವೋ ಜಾಗ! ಮಾರಾಟದ ಕಾಗದ ಸಲೀಸಾಗಿ ಏರಿತು. ಸಾಹುಕಾರರು ಅವನ ಬೆನ್ನು ತಟ್ಟಿದರು. ಎಷ್ಟೋ ಹೊತ್ತಿನ ಮೇಲೆ ಕಾಶೀನಾಥನಿಗೆ ಉಸಿರಾಡಿದಂತಾಯಿತು.

"ಎಲ್ಲಿ, ಆ ಮೊದಲಿನ ಪ್ರತಿ ತೆಗಿ. ಆ ಸತ್ಯವಂತ ಯಾರು ನೋಡ್ವ," ಎಂದು ಸಾಹುಕಾರರು ಕನ್ನಡಕ ಏರಿಸಿಕೊಂಡು ಬಗ್ಗಿದರು.

ಪರದೆಯ ಮೇಲೆ ಇದ್ದದ್ದು ಇಷ್ಟೇ: "ಮಲ್ಲಂದೂರು, ಒಂದು ಇಂಚು. ಇದು ನಿಮಗೆ ಕಲಿಸಲು ಸುಮ್ಮನೆ ಬರೆದದ್ದು; ಮಳೆ ಬಂದ ಮೇಲೆ ಅಳಿಸಿ ನಿಜವಾದ ಲೆಕ್ಕ ಬರೆಯಿರಿ. ಇಂತಿ, ಕಾಶೀನಾಥ."