ಉಗುರಿನ ಗೀರು

ಉರಿಗಾಂನ ಬೋನ್ಸಾಯ್ ಪ್ರದರ್ಶನದಲ್ಲಿ ತೀರ್ಪುಗಾರ ದೊರೈಕಣ್ಣು ಎಲೆಯಿಲ್ಲದ ಪುಟ್ಟ ಬಸರಿ ಮರದ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದರು. ಒಳಗೆ ಹಸಿರೇ ಇರಲಿಲ್ಲ. ಮರ ಸತ್ತಿತ್ತು.

“ನಮ್ಮ ಯಜಮಾನ್ರು ನನಗಿಂತ ಎಚ್ಚಾಗಿ ಇದನ್ನೇ ನೋಡ್ಕೊಂಡವ್ರೆ ಸಾರ್,” ಎಂದು ಮರ ತಂದಿದ್ದ ಅಮ್ಮಾಜಮ್ಮ ನಕ್ಕರು. “ಈಗ ಅವ್ರು ಒಂದು ವಾರ ಉಳಿಯೋದೂ ಕಷ್ಟ ಅಂದವ್ರೆ ಡಾಕ್ಟ್ರು. ಮರ ಯಾವಾಗ ಚಿಗುರ್ತದೆ, ಕೇಳ್ಕೊಂಡು ಬಾ ಅಂತ ಕಳಿಸವ್ರೆ.”

ದೊರೈಕಣ್ಣು ಕುಂಡವನ್ನು ತಿರುಗಿಸಿದರು. ಕಾಂಡದ ಹಿಂಬದಿಯಲ್ಲಿ ಆಗಲೇ ಇನ್ನೊಂದು ಉಗುರಿನ ಗೀರಿತ್ತು. ಅದರ ಮೇಲೆ ಒದ್ದೆ ಮಣ್ಣು ಮೆತ್ತಿತ್ತು. ಅಮ್ಮಾಜಮ್ಮ ಮಣ್ಣಾಗಿದ್ದ ಹೆಬ್ಬೆರಳನ್ನು ಸೆರಗಿನಲ್ಲಿ ಮರೆಮಾಡಿದರು.

ದೊರೈಕಣ್ಣು ಕುಂಡದಿಂದ ಚಿಟಿಕೆ ಮಣ್ಣು ತೆಗೆದು ತಾವು ಕೆರೆದ ಜಾಗಕ್ಕೂ ಮೆತ್ತಿದರು. “ಬರೋ ತಿಂಗಳು ಚಿಗುರ್ತದೆ ಅಂತ ಹೇಳ್ಬಿಡಮ್ಮ.”