ಗುಡ್ಡದ ಮೇಲಿನ ಕಿವಿ

ಸುಹಾಸ, ಫೋನಿನಲ್ಲಿ ರೆಕಾರ್ಡ್ ಒತ್ತು, ನಡುವೆ ಬಾಯಿ ಹಾಕಬೇಡ. ಮುದುಕನಿಗೆ ಮರೆವು ಎಂದು ವಾಟ್ಸಾಪ್ ಗುಂಪಿನಲ್ಲಿ ಬರೆದೆಯಲ್ಲ, ಕೇಳು. ಮಹಾಪೂರದ ಆ ದಿನ ಸೋಮವಾರ. ಗಂಟೆ ನಾಲ್ಕೂ ಹತ್ತು. ಹೊಳೆದಂಡೆಯ ಲಕ್ಕವ್ವ ವೈರ್‌ಲೆಸ್ಸಿನಲ್ಲಿ ಅಂದದ್ದು ಅಕ್ಷರ ಬಿಡದೆ ನೆನಪಿದೆ: “ಕಾಕಾ, ನೀರು ಒಲಿ ಮುಟ್ಟೈತಿ. ಅತ್ತೀನ ಮ್ಯಾಳಗಿ ಹತ್ತಿಸೇನಿ. ಬೋಟ್ ಕಳಸ್ರಿ.” ಮರೆವಂತೆ!

ಈಗ ಮೊದಲಿನಿಂದ. ಹೊಳೆ ಏರಿದರೆ ದಂಡೆಯ ಫೋನು ಸಾಯುತ್ತದೆ. ಅದಕ್ಕೇ ನಾವು ನಾಲ್ಕು ರೇಡಿಯೋ ಹವ್ಯಾಸಿಗಳು ಚಿಕ್ಕೋಡಿಯ ಗುಡ್ಡದ ಮೇಲೆ ರಿಪೀಟರ್ ಇಟ್ಟೆವು. ಹೊಳೆದಂಡೆಯ ಅಂಕಲಿ ಕಡೆ ನಾವು ಕೊಟ್ಟಿದ್ದ ಕೈಸೆಟ್ಟುಗಳ ಸಣ್ಣ ದನಿ ಹಿಡಿದು ನನ್ನ ಕೋಣೆಗೆ ಜೋರಾಗಿ ದಾಟಿಸುವ ಯಂತ್ರ. ಅದರ ಕಿವಿಯೇ ರಿಸೀವರ್. ಯಾವುದನ್ನು ತರಬೇಕು? ಅದೇ ಜಗಳ.

ನಾನು ಆರಿಸಿದ್ದು ಇರುವೆ ನಡೆದರೂ ಕೇಳುವಂಥದ್ದು. ನಮ್ಮಲ್ಲೊಬ್ಬ, ಅಥಣಿಯ ಧರಣೇಂದ್ರ, ಬೇಡವೆಂದು ತಲೆಯಾಡಿಸಿದ.

“ಗುಡ್ಡದ ಮ್ಯಾಲ ಹನ್ನೊಂದು ಟವರ್ ಒದರಾಕತ್ತಾವ್ರಿ ಕಾಕಾ. ನಿಮ್ದು ಎಲ್ಲಾರ್ದೂ ಕೇಳಕೋತ ಕುಂತು ನಮ್ಮ ಮಂದಿಗೆ ಕಿವುಡಾಗತೈತಿ. ಸಂತ್ಯಾಗೂ ನಮ್ಮವರ ದನಿ ಅಷ್ಟ ಹಿಡಿಯೂ ಕಿವಿ ಬೇಕು.”

“ನಿಂದು ಕಿವುಡ ಡಬ್ಬಿ ಲೇ!”

“ಬ್ಯಾರೇದವ್ರ ಮಾತಿಗೆ ಕಿವುಡಿದ್ರ ಚಲೋನ ಅಲ್ರಿ?”

ಎಲ್ಲರೂ ನಕ್ಕರು. ಅವನದನ್ನೇ ಕೂರಿಸಿದರು. ನನಗೆ ಉರಿಯಿತು.

ಆ ಸೋಮವಾರ ಹೆಡ್‌ಫೋನ್ ನನ್ನ ಒಂದು ಕಿವಿಗಿತ್ತು. ಅಂಕಲಿಯ ಏರಿನ ಮೇಲೆ, ಫೋನು ಸಿಗುವಲ್ಲಿ, ದೋಣಿಯವನು ನನ್ನ ಫೋನಿಗೆ ಕಾದಿದ್ದ. ಕೋಣೆಯಲ್ಲಿ ಎಂಟು ಜನ, ಚಹಾ, ನನ್ನ ಕತೆ. ಐದೂವರೆಗೆ ದೋಣಿಯವನು ತಾನಾಗಿಯೇ ಹೋಗಿ ನೋಡಿದ. ಲಕ್ಕವ್ವನಿರಲಿ, ಅತ್ತೆಯಿರಲಿ, ಮನೆಯೇ ಇರಲಿಲ್ಲ.

“ಕರೆ ಬಂದಿತ್ತೇನ್ರಿ?” ಎಂದು ಎಲ್ಲರೂ ನನ್ನನ್ನು ಕೇಳಿದರು.

“ಇಲ್ಲ. ಹೇಳಿದ್ನಲ್ಲ, ಕಿವುಡ ಡಬ್ಬಿ.”

ಧರಣೇಂದ್ರ ಗುಡ್ಡ ಹತ್ತಿ ರಿಸೀವರ್ ಬಿಚ್ಚಿ ತಂದ, ಎದೆಗೆ ಅವುಚಿಕೊಂಡು. “ಆಕಿನ್ನ ನಾನ ಕೊಂದೆ, ಕಾಕಾ.” ನಾನು ಬೆನ್ನು ತಟ್ಟಿದೆ. ಅಂದಿನಿಂದ ಅವನು ರೇಡಿಯೋ ಮುಟ್ಟಿಲ್ಲ. ಜನ ಇಂದಿಗೂ ಅವನ ಬೆನ್ನ ಹಿಂದೆ ಅದನ್ನೇ ಆಡುತ್ತಾರೆ.

ಸುಹಾಸ, ಕೇಳಬೇಕಾದ ಪ್ರಶ್ನೆಯನ್ನು ನೀನು ಕೇಳಲೇ ಇಲ್ಲ. ಲಕ್ಕವ್ವ ಹೋದಳು, ಅವಳ ಸೆಟ್ಟೂ ಹೋಯಿತು. ಅವಳ ಮಾತು ನನಗೆ ಹೇಗೆ ಗೊತ್ತು?

ಧರಣೇಂದ್ರನ ಡಬ್ಬಿಯಿಂದಲೇ, ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಕೇಳಿಸಿತ್ತು. ‘ತಿಳಿಯಿತು’ ಎಂಬುದಕ್ಕೆ ಮೈಕಿನ ಗುಂಡಿಯನ್ನು ಎರಡು ಸಲ ಒತ್ತಿದೆ. ಅವಳು ಮತ್ತೆ ಕೂಗಲಿಲ್ಲ, ನಂಬಿ ಕಾದಳು. ಕತೆ ಮುಗಿಸಿ ದೋಣಿಯವನಿಗೆ ಹೇಳೋಣ ಎಂದುಕೊಂಡೆ. ಜನ ನಕ್ಕರು, ಇನ್ನೊಂದು ಹೇಳಿ ಎಂದರು.

ಮರೆತೆ. ಆ ಒಂದೇ ಸಲ.

ಈ ರೆಕಾರ್ಡಿಂಗ್ ಎಲ್ಲರಿಗೂ ಕಳಿಸು. ಮೊದಲು ಧರಣೇಂದ್ರನಿಗೆ.