ತಟ್ಟೆಯಲ್ಲಿಟ್ಟ ಸೊನ್ನೆ

ಮೇಲಿನ ಕಚೇರಿಯ ಯಂತ್ರಕ್ಕೆ ತಿಳಿಯದ ಪ್ರಶ್ನೆಗಳನ್ನು ನೆಲದಡಿಯ ಹಳೆಯ ಯಂತ್ರಕ್ಕೆ ಒಯ್ಯುವುದು, ಉತ್ತರದ ಬಿಲ್ಲೆಯನ್ನು ತಟ್ಟೆಯಲ್ಲಿ ತಂದೊಪ್ಪಿಸುವುದು ಗುರುಶಾಂತನ ಕೆಲಸ. ಉತ್ತರ ಸಿಗದಿದ್ದರೆ ತಟ್ಟೆಯನ್ನು ಖಾಲಿಯಾಗಿಯೇ ತರಬೇಕೆಂಬುದು ನಿಯಮ.

ಸೋಮವಾರ ಫಕ್ಕೀರವ್ವ ಬಂದಿದ್ದಳು. "ಚಂದ್ರನ ಮ್ಯಾಲಿನ ಗಣಿ ಕುಸದೈತಿ, ನನ್ನ ಗಂಡ ಅದರಾಗದಾನ. ಎಷ್ಟು ಮಂದಿ ಉಳದಾರ, ಕೇಳ್ಕೊಂಡ್ ಬಾರಪ್ಪಾ."

ಕೆಳಗಿನ ಯಂತ್ರ ಉತ್ತರಿಸಲಿಲ್ಲ. ಹಿಂದಿನ ವಾರವಷ್ಟೇ ಎರಡು ಸಲ ಖಾಲಿ ತಟ್ಟೆ ತಂದು ಬೈಸಿಕೊಂಡಿದ್ದ ಗುರುಶಾಂತ, ಖಾಲಿಯೂ ಸೊನ್ನೆಯೂ ಒಂದೇ ಅಲ್ಲವೇ ಎಂದುಕೊಂಡು ಹಳೆಯದೊಂದು ಸೊನ್ನೆಯ ಬಿಲ್ಲೆಯನ್ನು ತಟ್ಟೆಯಲ್ಲಿ ಇಟ್ಟುಬಿಟ್ಟ. ಮೇಲಿನ ಯಂತ್ರ ಸೊನ್ನೆಯನ್ನು ನಂಬಿತು. ಗಣಿಯಲ್ಲಿ ಸಿಕ್ಕಿಬಿದ್ದವರಿಗಾಗಿ ಅಗೆಯುವುದನ್ನು ನಿಲ್ಲಿಸಿದರು.

ಗುರುವಾರ ಫಕ್ಕೀರವ್ವ ಕುಂಕುಮವಿಲ್ಲದ ಹಣೆಯಲ್ಲಿ ಬಂದು ಅವನ ಕೈ ಹಿಡಿದುಕೊಂಡಳು. "ಖರೇ ಹೇಳಿದಿ, ಪುಣ್ಯಾ ಕಟ್ಕೊಂಡಿ. ಇಲ್ಲಂದ್ರ ಇನ್ನೂ ದಾರಿ ಕಾಯ್ಕೋತ ಕೂಡ್ತಿದ್ನಿ."

ಗುರುಶಾಂತ ಕೈ ಬಿಡಿಸಿಕೊಂಡು ಕೆಳಗೆ ಓಡಿದ. ಅದೇ ಪ್ರಶ್ನೆಯನ್ನು ಕೇಳಿ, ಯಂತ್ರ ಬಾಯಿಬಿಡುವವರೆಗೂ ಅಲ್ಲಿಂದ ಕದಲಲಿಲ್ಲ. ಕೊನೆಗೆ ಎರಡು ಬಿಲ್ಲೆ ಬಿದ್ದವು. ಮೊದಲನೆಯದರಲ್ಲಿ ಸೊನ್ನೆ ಇತ್ತು. ನಾಚಿಕೆಗೆಟ್ಟ ಅವನ ಎದೆ ಒಂದು ಕ್ಷಣ ಹಗುರಾಯಿತು.

ಎರಡನೆಯದನ್ನು ಬೆಳಕಿಗೆ ಹಿಡಿದು ಓದಿದ: 'ನಿನ್ನೆ ಸಂಜೆಯವರೆಗೆ ಏಳು.'